ಒದ್ದೆ ಬ್ರಷ್ಷು

ದಿನಾ ಮಲಗುವ ಮೊದಲು ಮಗಳು ಪುಟ್ಟಿಯ ಹಲ್ಲು ಉಜ್ಜಿಸು ಎಂದು ನನ್ನ ತಂಗಿ ಪದ್ಮ ನನಗೊಂದು ಕೆಲಸ ಒಪ್ಪಿಸಿದ್ದಳು. ನಾನು ಉಜ್ಜಿಸಲಿಲ್ಲ. ಮಾಡಬೇಕಾದ ಕೆಲಸವನ್ನು ಸುಮ್ಮನೆ ಬಿಟ್ಟರೆ ಅದು ಸೋಮಾರಿತನ. ಮಾಡಿದ್ದೇನೆಂದು ತೋರಿಸಿಕೊಳ್ಳಲು ಸ್ವಲ್ಪ ಶ್ರಮ ಬೇಕು. ನಾನು ಶ್ರಮಪಟ್ಟೆ.

ಪದ್ಮ ಗಾರ್ಮೆಂಟ್ಸ್‌ನಲ್ಲಿ ಎರಡನೇ ಪಾಳಿಗೆ ಹೋಗುತ್ತಾಳೆ. ಅವಳ ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದು ಅಪರೂಪ. ಮದುವೆಯಾಗದ ಅಣ್ಣನಾದ ನಾನು ವಿದ್ಯಾರಣ್ಯಪುರಂನ ಅವರ ಮನೆಯಲ್ಲೇ ಇದ್ದೇನೆ. ಮಂಡಿ ಮೊಹಲ್ಲಾದ ಬೆಲ್ಲದಂಗಡಿಯಿಂದ ಸಂಜೆ ಬಂದರೆ, ಅಲ್ಲಿಯವರೆಗೆ ಪಕ್ಕದ ಮನೆಯಲ್ಲಿರುವ ಮೂರು ವರ್ಷದ ಪುಟ್ಟಿ ನನ್ನ ಪಾಲಿಗೆ. ಪದ್ಮ ರಾತ್ರಿ ಕೆಲಸದಿಂದ ಬಂದವಳೇ ಮಗುವಿನ ಬ್ರಷ್ ಮುಟ್ಟಿ ನೋಡುತ್ತಾಳೆ. ಒದ್ದೆಯಿದ್ದರೆ ನೆಮ್ಮದಿ. ಇದು ಗೊತ್ತಾದ ಮೇಲೆ ನಾನು ದಿನವೂ ಬ್ರಷ್ಷನ್ನು ನಲ್ಲಿಯ ಕೆಳಗೆ ಹಿಡಿದು ಲೋಟದಲ್ಲಿ ನಿಲ್ಲಿಸತೊಡಗಿದೆ. ಕಾರಣ ಇಷ್ಟೆ, ಬ್ರಷ್ ಕಂಡರೆ ಪುಟ್ಟಿ ಕಿರುಚುತ್ತಾಳೆ, ಹಾಲಿನ ಬಾಟಲಿ ಕಂಡರೆ ನಗುತ್ತಾಳೆ. ನನಗೆ ನಗುವ ಮಗುವೇ ಇಷ್ಟ. ಅಲ್ಲದೆ ಅವು ಹಾಲುಹಲ್ಲು, ಹೇಗೂ ಬಿದ್ದುಹೋಗುವಂಥವು. ಬೀಳುವುದಕ್ಕೆ ಪಾಲಿಶ್ ಯಾಕೆ ಎಂಬುದು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನ್ನ ಲೆಕ್ಕಾಚಾರ.

ಚಾಕಲೇಟು, ಸಕ್ಕರೆ ಕೊಡಬೇಡ ಎಂದಿದ್ದಳು ಪದ್ಮ. ಕೊಡಲಿಲ್ಲ. ಆದರೆ ಬೆಲ್ಲ ಬೇರೆ. ನಮ್ಮ ಅಂಗಡಿಯಲ್ಲಿ ಬಂದವರೆಲ್ಲ ಅಚ್ಚಿನ ಮೂಲೆ ಮುರಿದು ನಾಲಗೆಗೆ ಇಟ್ಟೇ ಮಾತು ಶುರುಮಾಡುವುದು. ದಿನವಿಡೀ ನಾನೂ ತಿನ್ನುತ್ತೇನೆ. ನಮ್ಮ ಪ್ರಕಾರ ಅದು ತಿಂಡಿಯೇ ಅಲ್ಲ, ರಕ್ತ ಆಗುವ ವಸ್ತು. ಹಾಗಾಗಿ ಪುಟ್ಟಿಯ ರಾತ್ರಿಯ ಹಾಲಿಗೂ ಬೆಲ್ಲ. ಬಿಸಿ ಹದವಾಗಿದೆಯೇ ಎಂದು ಮೊದಲು ನಾನೇ ಬಾಟಲಿಯ ನಿಪ್ಪಲ್ ಚೀಪಿ ನೋಡಿ ಅವಳ ಬಾಯಿಗಿಡುತ್ತಿದ್ದೆ. ಅವಳು ಅದನ್ನು ಕಚ್ಚಿಕೊಂಡೇ ನಿದ್ದೆ ಹೋಗುತ್ತಿದ್ದಳು. ಎಷ್ಟು ಚೆನ್ನಾಗಿ ಮಗು ನೋಡಿಕೊಳ್ಳುತ್ತೀರಿ ಎಂದು ಪಕ್ಕದ ಮನೆಯವರು ಹೊಗಳುವಾಗ ನಾನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಪುಟ್ಟಿ ರೊಟ್ಟಿ ಕಚ್ಚಿ ಅತ್ತಳು. ತುಟಿ ಎತ್ತಿ ನೋಡಿದರೆ ಮುಂದಿನ ಹಲ್ಲುಗಳ ಬುಡ ಕಂದಾಗಿತ್ತು. ಕಂದು ಎಂದರೆ ಒಳ್ಳೆಯ ಬೆಲ್ಲದ ಬಣ್ಣ. ಮಾರನೆಯ ದಿನ ಇಬ್ಬರೂ ರಜೆ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಹೋದೆವು.

"ದಿನಾ ಉಜ್ಜಿಸುತ್ತೀರಾ?" ಎಂದರು ಡಾಕ್ಟರಮ್ಮ.

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ, ನಮ್ಮಣ್ಣ ಬಲು ಶಿಸ್ತು," ಎಂದಳು ಪದ್ಮ.

ನಾನು ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ಆಸಕ್ತಿಯಿಂದ ನೋಡಿದೆ.

ಬಾಟಲಿ ಬಾಯಲ್ಲಿಟ್ಟು ಮಲಗಿಸಬಾರದು, ದೊಡ್ಡವರ ಎಂಜಲಿನಿಂದಲೂ ಹುಳುಕಿನ ಕ್ರಿಮಿ ಮಗುವಿಗೆ ದಾಟುತ್ತದೆ, ಹಾಲುಹಲ್ಲು ಕೆಟ್ಟರೆ ಮುಂದೆ ಬರುವ ಹಲ್ಲಿಗೂ ತೊಂದರೆ ಎಂದು ಅವರು ಒಂದೊಂದಾಗಿ ಹೇಳಿದರು. ಬೆಲ್ಲ ಹೇಗೆ ಎಂದು ನಾನು ಸಣ್ಣ ದನಿಯಲ್ಲಿ ಕೇಳಿದೆ. "ಹಲ್ಲಿಗೆ ಸಕ್ಕರೆ, ಬೆಲ್ಲ ಎರಡೂ ಒಂದೇ ಕಣ್ರೀ. ಎಲ್ಲಿ, ನೀವೂ ಬಾಯಿ ತೆಗೀರಿ," ಎಂದರು. ತೆಗೆದೆ. "ಹುಳುಕು ಇಲ್ಲಿ ಇನ್ನೂ ಜೋರು," ಎಂದು ಮುಚ್ಚಿಸಿದರು.

ಪುಟ್ಟಿಯ ಎರಡು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡು ಆಟೋ ಹತ್ತಿದೆವು. ಪದ್ಮ ಪುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ನಂದೇ ತಪ್ಪು ಕಣಣ್ಣ. ಹೆತ್ತೋಳು ಮನೇಲಿರಬೇಕಾಗಿತ್ತು. ನಾಳೆ ಸೂಪರ್‌ವೈಸರ್‌ಗೆ ಹೇಳಿ ಕೆಲಸ ಬಿಟ್ಬುಡ್ತೀನಿ," ಎಂದಳು.

ಆ ಕೆಲಸಕ್ಕಾಗಿ ಅವಳು ಹೊಲಿಗೆ ಕಲಿತದ್ದು, ಗಂಡನನ್ನು ಒಪ್ಪಿಸಿದ್ದು ಎಲ್ಲ ನನಗೆ ಗೊತ್ತು. ಆದರೂ ನಾನು ಆಟೋದ ಮೀಟರ್ ನೋಡುತ್ತ ಕೂತೆ. ಆಗ ಪುಟ್ಟಿ ಅಮ್ಮನ ಗಲ್ಲ ಹಿಡಿದು, "ಅಮ್ಮಾ, ಮಾವ ದಿನಾ ಬ್ರಷ್‌ಗೆ ಸ್ನಾನ ಮಾಡುಸ್ತಾರೆ," ಎಂದಳು.

ಪದ್ಮ ನಕ್ಕಳು. "ನೋಡಣ್ಣ, ಏನೇನೆಲ್ಲ ಮಾತಾಡ್ತಾಳೆ."

ನಾನೂ ನಕ್ಕುಬಿಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಗಲು ಬಾಯಿ ತೆರೆದೂ ಇದ್ದೆ. ಒಂದೇ ದಿನ ಎರಡನೇ ಸಲ ತೆರೆದ ಬಾಯಿಯಲ್ಲಿ ಹುಳುಕು ಬಿಟ್ಟು ಬೇರೇನಾದರೂ ಇರಲಿ ಎನಿಸಿತು.

"ಅವಳು ಹೇಳಿದ್ದು ನಿಜ ಕಣವ್ವ. ಬ್ರಷ್ ಒದ್ದೆ ಮಾಡಿ ಇಟ್ಬುಡ್ತಿದ್ದೆ, ಹಲ್ಲು ಉಜ್ಜಿಸ್ತಿರಲಿಲ್ಲ. ಹಾಲಿಗೆ ಬೆಲ್ಲ ಹಾಕ್ತಿದ್ದೋನೂ ನಾನೇ. ನೀನು ಕೆಲಸ ಬಿಡಬೇಡ. ತಪ್ಪಾಯ್ತು ಪದ್ಮ."