ಪರವಾನಗಿ ಇಲ್ಲದ ಹಿಕ್ಕೆ

ಹೊಸದುರ್ಗ ತಾಲ್ಲೂಕಿನಲ್ಲಿ ಪರವಾನಗಿ ಪಡೆಯದ ಯಾವ ಕುರಿಯೂ ಅನ್ಯರ ಹೊಲದಲ್ಲಿ ಹಿಕ್ಕೆ ಹಾಕತಕ್ಕದ್ದಲ್ಲ. ಈ ನಿಯಮ ಜಾರಿಗೆ ಬಂದದ್ದು ಬಾಗೂರಿನ ನಾಗಭೂಷಣ ಅವರೊಬ್ಬರ ಪರಿಶ್ರಮದಿಂದ ಎಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. ವಿರೋಧಿಗಳೇ ಹೆಚ್ಚು ಸಂತೋಷದಿಂದ ಒಪ್ಪುತ್ತಾರೆ.

ನಾಗಭೂಷಣ ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿದವರು. ಯಾವ ಕಾಗದ ಸಿಕ್ಕರೂ ಬುಡದ ಸಣ್ಣಕ್ಷರದಿಂದ ಶುರುಮಾಡಿ ಮೇಲಕ್ಕೆ ಓದುವ ಅಭ್ಯಾಸ ಅವರಿಗೆ ಅಲ್ಲಿಂದಲೇ ಅಂಟಿದ್ದು. ‘ಕೆಲಸಕ್ಕೆ ಕರೆಯುವ ಮುನ್ನ ಪರವಾನಗಿ ಕೇಳಿ, ಕೇಳುವುದು ಗ್ರಾಹಕರ ಹಕ್ಕು’ ಎಂದು ಗುತ್ತಿಗೆದಾರರ ಪರಿಶೀಲನಾ ಕೋಶದವರು ಬಸ್ ನಿಲ್ದಾಣಕ್ಕೆ ಅಂಟಿಸಿದ್ದ ಭಿತ್ತಿಪತ್ರವನ್ನು ಪೂರ್ತಿ ಓದಿದವರು ತಾಲ್ಲೂಕಿಗೆ ಅವರೊಬ್ಬರೇ. ಉಳಿದವರು ಅದರ ಮೇಲೆ ಎಲೆಅಡಿಕೆ ಉಗಿದು ಬಸ್ ಹತ್ತುತ್ತಿದ್ದರು. ನಾಗಭೂಷಣ ಮೊದಲು ಪ್ಲಂಬರನನ್ನು ಕೇಳಿದರು. ಕೊಳಾಯಿ ಸೋರುತ್ತಲೇ ಉಳಿಯಿತು. ಬಣ್ಣ ಬಳಿಯುವವನನ್ನು ಕೇಳಿದರು. ಅವನು ಅರ್ಧ ಗೋಡೆಗೇ ಬ್ರಷ್ ತೊಳೆದುಕೊಂಡು ಹೋದ. ಹಕ್ಕು ಮಾತ್ರ ಒಂದಿಷ್ಟೂ ಮುಕ್ಕಾಗಲಿಲ್ಲ.

ಆ ವರ್ಷ ಅವರಿಗೆ ಬೇಕಾಗಿದ್ದದ್ದು ಗೊಬ್ಬರ. ಹಿಂದಿನ ಸಾರಿ ಅವರ ಹೊಲದ ರಾಗಿ ಮೊಣಕಾಲು ಮುಟ್ಟಿರಲಿಲ್ಲ. ಬದುವಿನಾಚೆ ಚಿಕ್ಕತಿಮ್ಮಪ್ಪನದು ಸೊಂಟ ದಾಟಿತ್ತು. “ಸಾರ್, ನಿಮ್ಮ ಹೊಲದಾಗೆ ಕೋಳಿ ಕಳ್ದೋದ್ರೆ ಮನೇಲಿ ಕುಂತ್ಕಂಡೇ ಹುಡುಕಬೌದು ಬಿಡ್ರಿ” ಎಂದು ಅವನು ಅಂದದ್ದು ನಾಗಭೂಷಣರ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದು ಕೂತಿತ್ತು. ಈ ಸಲ ಮಳೆಗೆ ಮೊದಲೇ ಹೊಲದಲ್ಲಿ ಕುರಿಮಂದೆ ತಂಗಿಸಬೇಕು, ನೆಲ ಹಿಕ್ಕೆ ಉಚ್ಚೆಯಿಂದ ಕೊಬ್ಬಬೇಕು, ರಾಗಿ ಚಿಕ್ಕತಿಮ್ಮಪ್ಪನ ಮೂಗಿನ ಮಟ್ಟಕ್ಕೆ ಬರಬೇಕು ಎಂಬುದು ಅವರ ಸಂಕಲ್ಪ.

ಮಂದೆ ಹೊಡೆದುಕೊಂಡು ಬಂದವನು ಗೊಲ್ಲಪ್ಪ, ಜೊತೆಗೆ ಹೆಂಡತಿ ಕಾಟಮ್ಮ.

“ಪರವಾನಗಿ ತೋರಿಸು” ಎಂದರು ನಾಗಭೂಷಣ.

“ಯಾತರದು ಸಾಮಿ?”

“ನೀನು ಮಾಡುವ ಕೆಲಸದ್ದು.”

ಗೊಲ್ಲಪ್ಪ ಕಂಬಳಿಯ ಹೆಗಲು ಬದಲಿಸಿದ. “ಕೆಲಸ ನಾನೆಲ್ಲಿ ಮಾಡ್ತೀನಿ? ಕುರಿ ಮಾಡ್ತಾವೆ. ನಾನು ಬೀಡಿ ಸೇದ್ಕಂಡು ಕುಂತಿರ್ತೀನಿ.”

“ಹಾಗಾದರೆ ಇದು ಉಪಗುತ್ತಿಗೆ. ಇನ್ನೂ ಗಂಭೀರ.”

“ಅಂದ್ರೆ, ನಾನೂ ಮಾಡ್ಬೇಕಾ?”

“ಮಾಡಿಸ್ಬೇಡ್ರಿ ಸಾಮಿ” ಎಂದಳು ಕಾಟಮ್ಮ. “ಇವ್ನ ಗೊಬ್ರಕ್ಕೆ ಗರಿಕೇನೂ ಹುಟ್ಟಲ್ಲ.”

ಮನೆಯೊಳಗಿನಿಂದ ನಾಗಭೂಷಣರ ಹೆಂಡತಿ ಯಶೋದಾ ಕೂಗಿ ಹೇಳಿದರು: “ಮೋಡ ಆಗೈತೆ, ಮೊದ್ಲು ಮಂದೆ ಇಳಿಸ್ಕಳ್ರಿ. ಆಮೇಲೆ ಕೇಳೀರಂತೆ.”

“ಆಮೇಲೆ ಕೇಳಿದರೆ ಅದು ಹಕ್ಕಲ್ಲ, ಪಶ್ಚಾತ್ತಾಪ” ಎಂದು ನಾಗಭೂಷಣ ಗೊಲ್ಲಪ್ಪನನ್ನು ತಮ್ಮೊಂದಿಗೆ ಹೊಸದುರ್ಗದ ಬಸ್ಸಿಗೆ ಹತ್ತಿಸಿಯೇಬಿಟ್ಟರು.

ಪರಿಶೀಲನಾ ಕೋಶದ ವಿಷಯ ನಿರ್ವಾಹಕಿ ಸುಚಿತ್ರಾ ವರ್ಗಪಟ್ಟಿಯನ್ನು ಎರಡು ಸಲ ತಿರುವಿದರು. “ಘನತ್ಯಾಜ್ಯ ಅಂತ ಒಂದೈತೆ ಸಾರ್. ಆದ್ರೆ ಅದು ತಗಂಡು ಹೋಗೋರಿಗೆ. ಇವ್ರು ಹಾಕಿ ಹೋಗೋರು.”

ನಾಗಭೂಷಣ ಅಲ್ಲಿಯೇ ಕೂತು ಮನವಿ ಬರೆದರು. ರಕ್ಷಣೆ ಉಭಯಪಕ್ಷೀಯವಾಗಿರತಕ್ಕದ್ದು ಎಂಬ ವಾಕ್ಯದ ಕೆಳಗೆ ಗೆರೆಯನ್ನೂ ಎಳೆದರು. ಮನವಿ ಎಷ್ಟು ನಿರ್ದುಷ್ಟವಾಗಿತ್ತೆಂದರೆ ಕೋಶದವರಿಗೆ ಒಪ್ಪದೆ ಬೇರೆ ದಾರಿಯಿರಲಿಲ್ಲ. ಶೀಘ್ರದಲ್ಲೇ ಪ್ರಕಟಣೆ ಹೊರಬಿತ್ತು:

“‘ಚತುಷ್ಪಾದಿಗಳಿಂದ ಸ್ಥಳದಲ್ಲೇ ಜೈವಿಕ ಪೂರೈಕೆ’ ಎಂಬ ನೂತನ ವರ್ಗವನ್ನು ಸೃಜಿಸಲಾಗಿದೆ. ಅರ್ಜಿದಾರ ಮಂದೆಯು ಅಧಿಕಾರಿಗಳ ಸಮಕ್ಷಮ ಮಾದರಿ ಕಾಮಗಾರಿ ನಿರ್ವಹಿಸತಕ್ಕದ್ದು. ಸದರಿ ಕಾಮಗಾರಿಯನ್ನು ಸಿಮೆಂಟ್ ನೆಲದ ಮೇಲೆ ನಡೆಸತಕ್ಕದ್ದಲ್ಲ. ಟಗರುಗಳನ್ನು ಮೇಲ್ವಿಚಾರಕರೆಂದು ಪರಿಗಣಿಸುವುದು.”

ಕಚೇರಿಯ ಅಂಗಳವೆಲ್ಲ ಸಿಮೆಂಟ್. ಆದ್ದರಿಂದ ಕೋಶದ ಮುಖ್ಯಸ್ಥ ಹನುಮೇಶ್ ಸಾರ್ವಜನಿಕ ಹಿತದೃಷ್ಟಿಯಿಂದ ತಮ್ಮ ಸ್ವಂತ ತೆಂಗಿನ ತೋಟವನ್ನೇ ಬಿಟ್ಟುಕೊಟ್ಟರು. ಈ ತ್ಯಾಗ ಕಂಡು ನಾಗಭೂಷಣರ ಕಣ್ಣು ತೇವವಾಯಿತು. ಪ್ರತಿ ಬುಡಕ್ಕೂ ನ್ಯಾಯ ಸಿಗುವವರೆಗೆ ಪರಿಶೀಲನೆ ನಡೆಯಿತು. ಬಳಿಕ ಎರಡನೆಯ ಅಭಿಪ್ರಾಯಕ್ಕಾಗಿ ಮಂದೆ ಹೊಳಲ್ಕೆರೆಗೆ ನಡೆಯಿತು. ಅಲ್ಲಿಯ ಅಧಿಕಾರಿಗಳದು ಮೆಕ್ಕೆಜೋಳದ ಹೊಲ. ಎರಡು ಅಭಿಪ್ರಾಯಗಳೂ ಒಂದೇ ಆಗಿದ್ದು ಸಂಶಯಾಸ್ಪದವೆನಿಸಿ ಮೂರನೆಯದಕ್ಕಾಗಿ ಹಿರಿಯೂರಿಗೆ ಹೋಯಿತು, ಅಲ್ಲಿ ದಾಳಿಂಬೆ.

ಗೊಲ್ಲಪ್ಪನ ತಕರಾರೇನೂ ಇರಲಿಲ್ಲ. “ಹೋದ ಕಡೆಯೆಲ್ಲ ಮುದ್ದೆ ಹಾಕ್ತಾರೆ, ಕುರೀಗೆ ಮೇವೂ ಐತೆ. ಪರವಾನಗಿ ಬ್ಯಾಗ ಕೊಡ್ಬೇಡ್ರಿ ಅಂತ ಒಂದ್ಮಾತು ಹೇಳ್ರಿ ಸಾಮಿ” ಎಂದು ಫೋನು ಮಾಡಿದ.

ದಾಳಿಂಬೆ ತೋಟದ ಬೇಲಿಯ ಹೊರಗೆ ನಿಂತು, ತಮಗೆ ಬರಬೇಕಾಗಿದ್ದ ಹಿಕ್ಕೆ ಪರರ ನೆಲದಲ್ಲಿ ಉದುರುವುದನ್ನು ನಾಗಭೂಷಣ ನೋಡಿದರು. ಎದೆಯಲ್ಲಿ ಏನೋ ಹಿಂಡಿದಂತಾಯಿತು. ಅದು ತತ್ವದ ಭಾರ ಎಂದುಕೊಂಡರು.

ಕಡೆಗೂ ಪರವಾನಗಿ ಬಂತು. ಬಾಗೂರಿನ ಮೇಲೆ ಮೋಡ ಕರ್ರಗೆ ಇಳಿದಿದ್ದ ಸಂಜೆ ಗೊಲ್ಲಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊರಳಿಗೆ ತೂಗುಹಾಕಿಕೊಂಡು ಮಂದೆಸಮೇತ ಬಂದ. ನಾಗಭೂಷಣ ತಾವೇ ಬೇಲಿಯ ಮುಳ್ಳು ಸರಿಸಿದರು. ಗೊಲ್ಲಪ್ಪ ಬದುವಿನ ಮೇಲೆಯೇ ನಿಂತ.

“ತಮ್ದು ಐತಾ ಸಾಮಿ?”

“ಏನು?”

“ಗ್ರಾಹಕ ಅರ್ಹತಾ ಪತ್ರ. ಹಿಂದುಗಡೆ ಬರ್ದೈತಂತೆ, ಸುಚಿತ್ರಮ್ಮ ಓದಿ ಹೇಳಿದ್ರು. ಪರವಾನಗಿ ಇರೋನು ಪರಿಶೀಲನೆ ಆಗ್ದಿರೋ ಹೊಲಕ್ಕೆ ಕಾಲಿಡಂಗಿಲ್ಲ.”

ನಾಗಭೂಷಣ ಓದಿದರು. ನಿಜವಾಗಿತ್ತು. ‘ರಕ್ಷಣೆ ಉಭಯಪಕ್ಷೀಯವಾಗಿರತಕ್ಕದ್ದು’ ಎಂಬ ಅವರದೇ ವಾಕ್ಯವನ್ನು ಗೆರೆಸಮೇತ ಎತ್ತಿಕೊಂಡು ಕೆಳಗೆ ವಿವರಿಸಿದ್ದರು: ಹೊಲವು ಮೊದಲು ಒಂದು ಬೆಳೆಯನ್ನು ಗೊಬ್ಬರವಿಲ್ಲದೆ ತೆಗೆದು ತನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸತಕ್ಕದ್ದು. ವ್ಯಾಕರಣದಲ್ಲೂ ತಪ್ಪಿರಲಿಲ್ಲ.

“ಯಾರು ನೋಡ್ತಾರೆ, ಇಳಿಸ್ಕಳ್ರಿ” ಎಂದಳು ಕಾಟಮ್ಮ ಮೆಲ್ಲಗೆ.

ನಾಗಭೂಷಣ ಮೋಡ ನೋಡಿದರು, ಹೊಲ ನೋಡಿದರು. ಅಷ್ಟರಲ್ಲಿ ನಿಯಮ ಓದದ ಕೆಲವು ಕುರಿಗಳು ಒಳಗೆ ನುಗ್ಗಿ ಕೆಲಸ ಶುರುಮಾಡಿಬಿಟ್ಟವು. ನಾಗಭೂಷಣ ಹೆಗಲ ಟವೆಲ್ ಬೀಸುತ್ತ, ಹೈ ಹೈ ಎನ್ನುತ್ತ, ತಮ್ಮ ಹೊಲದಿಂದ ತಾವೇ ಅವನ್ನು ಓಡಿಸಿದರು. ಆಮೇಲೆ ಬಗ್ಗಿ, ಬಿದ್ದಿದ್ದ ಹಿಕ್ಕೆಯನ್ನು ಒಂದೊಂದಾಗಿ ಆರಿಸಿ ಬೊಗಸೆಯಲ್ಲಿ ತುಂಬಿಕೊಂಡು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ನಿಂತರು.

“ಇತ್ಲಾಗೆ ಹಾಕ್ರಿ ಸಾರ್” ಎಂದ ಬದುವಿನಾಚೆಯಿಂದ ಚಿಕ್ಕತಿಮ್ಮಪ್ಪ. “ನನ್ನ ಹೊಲಕ್ಕೆ ಓದು ಬರಲ್ಲ.”

ಹಾಕಿದರು.

ಆ ರಾತ್ರಿ ಮಂದೆ ಚಿಕ್ಕತಿಮ್ಮಪ್ಪನ ಹೊಲದಲ್ಲಿ ‘ವಿಶ್ರಾಂತಿ’ ಪಡೆಯಿತು. ವಿಶ್ರಾಂತಿಗೆ ಪರವಾನಗಿ ಬೇಕಿಲ್ಲ. ವಿಶ್ರಾಂತಿಯ ವೇಳೆ ಕುರಿಗಳು ಏನು ಮಾಡುತ್ತವೆಂಬುದು ಅವುಗಳ ಖಾಸಗಿ ವಿಷಯ.

ಮಳೆ ಚೆನ್ನಾಗಿ ಬಂತು. ಪೈರು ಕೊಯ್ಲಿಗೆ ಬಂದಾಗ ಹನುಮೇಶ್ ಖುದ್ದಾಗಿ ಬಂದು ನಾಗಭೂಷಣರ ಹೊಲ ಪರಿಶೀಲಿಸಿ, ಇದರಲ್ಲಿ ಯಾವ ಅನಧಿಕೃತ ಫಲವತ್ತತೆಯೂ ಕಂಡುಬಂದಿಲ್ಲವೆಂದು ದೃಢೀಕರಿಸಿದರು. ಅದನ್ನು ತಾಲ್ಲೂಕಿನ ಮಾದರಿ ಹೊಲವೆಂದು ಘೋಷಿಸಿ ಫಲಕ ನೆಟ್ಟರು. ಪೈರಿಗಿಂತ ಫಲಕ ಎತ್ತರವಿದ್ದುದರಿಂದ ಎಲ್ಲರಿಗೂ ಚೆನ್ನಾಗಿ ಕಂಡಿತು. ಎದೆಮಟ್ಟದ ರಾಗಿಯ ನಡುವಿನಿಂದ ದಾರಿ ಮಾಡಿಕೊಂಡು ಬಂದ ಚಿಕ್ಕತಿಮ್ಮಪ್ಪ ಹಾರ ಹಾಕಿದ. ಗೊಲ್ಲಪ್ಪನಿಗೆ ಬರಲಾಗಲಿಲ್ಲ, ಪರವಾನಗಿ ನವೀಕರಣಕ್ಕಾಗಿ ಮಂದೆ ಮತ್ತೆ ಹನುಮೇಶರ ತೋಟದಲ್ಲಿತ್ತು.

ಒಂದು ಮಧ್ಯಾಹ್ನ ಯಶೋದಾ ತಟ್ಟೆಗೆ ಮುದ್ದೆ ಹಾಕಿದರು. ಹೊಸ ರಾಗಿ, ಒಳ್ಳೆಯ ಘಮ. ತಮ್ಮ ಹೊಲದಲ್ಲಿ ಬಂದದ್ದು ಕೋಳಿಗೇ ಸಾಲದೆಂಬುದು ನಾಗಭೂಷಣರಿಗೆ ಗೊತ್ತಿತ್ತು.

“ಇದು ಯಾರ ರಾಗಿ?”

“ಉಣ್ರಿ ಸುಮ್ನೆ. ಸಾರು ಆರ್ತೈತೆ.”

ನಾಗಭೂಷಣ ಕೋಶದ ಪ್ರಕಟಣೆಯನ್ನು ಮನಸ್ಸಿನಲ್ಲೇ ನೆನೆದರು. ಅದರಲ್ಲಿ ಮುದ್ದೆಯ ಪ್ರಸ್ತಾಪ ಇರಲಿಲ್ಲ. ಇನ್ನೊಂದು ಹಾಕಿಸಿಕೊಂಡರು.