ರೇಡಿಯೋ ಯಜಮಾನರ ನೋಟಿಸು

ಬೆಳಗ್ಗೆ ಸಕ್ಕರೆ ಡಬ್ಬಿಯಲ್ಲಿ ರೇಡಿಯೋದ ಸ್ಕ್ರೂ ಸಿಕ್ಕಿದ್ದೇ ಎಲ್ಲದಕ್ಕೂ ಮೂಲ. ಅದೂ ಸಿಕ್ಕಿದ್ದು ರೇಡಿಯೋ ಯಜಮಾನರ ಹೆಂಡತಿಯ ಹಲ್ಲಿಗೆ.

"ನೋಡಿ, ಒಂದು ತಿಂಗಳು ಟೈಮು. ಈ ಹಾಲ್ ಖಾಲಿ ಆಗ್ಬೇಕು. ಇಲ್ಲಾಂದ್ರೆ ನಿಮ್ಮ ಡಬ್ಬಾಗಳೆಲ್ಲ ಗುಜರಿಗೆ!"

ಡಬ್ಬಾಗಳಂತೆ! ಯಜಮಾನರು ಹತ್ತಿರವಿದ್ದ ರೇಡಿಯೋವನ್ನು ಎದೆಗವಚಿಕೊಂಡರು. ರಿಪೇರಿ ಅಂಗಡಿ ಮುಚ್ಚಿದಾಗ ಮಕ್ಕಳಂತೆ ಮನೆಗೆ ಕರೆತಂದ ನಲವತ್ತೊಂದು ರೇಡಿಯೋಗಳು ಅವು. ಹನ್ನೊಂದು ಹಾಡುತ್ತಿದ್ದವು, ಉಳಿದವು ಇವತ್ತಲ್ಲ ನಾಳೆ ಹಾಡುತ್ತವೆ. ಅವನ್ನಿಡಲು ಇದ್ದ ಒಂದೇ ಜಾಗ ಮಹಡಿಯ ಕೋಣೆ. ಅಲ್ಲಿ ಆರು ವರ್ಷದಿಂದ ಒಬ್ಬ ಟೈಪಿಸ್ಟು ಬಾಡಿಗೆಗಿದ್ದ; ಅವನಿಗೆ ಎಲ್ಲಿ ಕೆಲಸವೆಂದು ಯಜಮಾನರು ಕೇಳಿರಲೇ ಇಲ್ಲ.

"ಅವನ ಸಾಮಾನು ಹೊರಗಿಟ್ಟು ಬೀಗ ಜಡಿದುಬಿಡ್ಲಾ?" ಎಂದು ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ವಕೀಲರನ್ನು ಕಾಂಪೌಂಡಿನ ಮೇಲಿಂದ ಕೇಳಿದರು.

ಹಲ್ಲುಜ್ಜುತ್ತಿದ್ದ ವಕೀಲರು ನೊರೆ ಉಗುಳಿದರು. "ಅಯ್ಯೋ ಪುಣ್ಯಾತ್ಮ! ಹಾಗೆ ಮಾಡಿದ್ರೆ ಕೇಸು ನಿಮ್ಮ ಮೇಲೇ ಬೀಳುತ್ತೆ. ನೀರು, ಕರೆಂಟೂ ಮುಟ್ಟೋ ಹಾಗಿಲ್ಲ. ಮೊದಲು ನೋಟಿಸು. ಅದ್ರಲ್ಲಿ ಕಾರಣ, ಗಡುವು ಎರಡೂ ಇರ್ಬೇಕು. ಆಗ್ಲೂ ಹೋಗದಿದ್ರೆ ಕೋರ್ಟು. ಕೋರ್ಟು ಹೇಳಿದ್ರೆ ಅಲ್ಲಿನ ಸಿಬ್ಬಂದೀನೇ ಬಂದು ಖಾಲಿ ಮಾಡಿಸ್ತಾರೆ. ನೋಟಿಸನ್ನ ಕೋರ್ಟಿನೆದುರು ಮರದ ಕೆಳಗಿನ ಮೊದಲನೇ ಮೇಜಿನವನ ಹತ್ರಾನೇ ಮಾಡ್ಸಿ. ಅವನು ಟೈಪ್ ಹೊಡೆದಿದ್ದನ್ನ ಯಾರೂ ಅಲ್ಲಾಡ್ಸೋಕಾಗಲ್ಲ."

ಒಂದು ಗಂಟೆ ಸಾಲಿನಲ್ಲಿ ನಿಂತು ಮುಂದೆ ಬಂದರೆ, ಮೊದಲನೇ ಮೇಜಿನಲ್ಲಿ ಕೂತಿದ್ದವನು ಅವರ ಬಾಡಿಗೆದಾರನೇ!

"ಓಹೋ ಯಜಮಾನ್ರು! ಬನ್ನಿ ಬನ್ನಿ. ಏನಾಗ್ಬೇಕು?"

ಯಜಮಾನರು ಹಿಂದೆ ಸರಿಯಲು ನೋಡಿದರು. ಹಿಂದಿನವರು ತಳ್ಳುತ್ತಿದ್ದರು. "ಮನೆ ಖಾಲಿ ಮಾಡ್ಸೋ ನೋಟಿಸು... ನನ್ನ ಸ್ನೇಹಿತರಿಗೆ ಬೇಕಿತ್ತು."

"ಯಾರಿಗೆ ಕೊಡೋದು? ಹೆಸರು?"

"ಹೆಸರು... ಖಾಲಿ ಇರ್ಲಿ. ಆಮೇಲೆ ಬರ್ಕೋತಾರೆ."

"ಕಾರಣ?"

"ಸ್ವಂತ ಉಪಯೋಗಕ್ಕೆ."

"ಭೇಷ್! ಗಟ್ಟಿ ಕಾರಣ," ಎಂದವನೇ ಟಕಟಕ ಹೊಡೆದ. 'ತಾವು ಹಿಡಿದಿರುವ ಜಾಗ ನನ್ನ ಸ್ವಂತ ಉಪಯೋಗಕ್ಕೆ ಬೇಕಾಗಿರುವುದರಿಂದ, ಒಂದು ತಿಂಗಳೊಳಗೆ ಸಾಮಾನು ಸಮೇತ ಖಾಲಿ ಮಾಡತಕ್ಕದ್ದು.' ಹಾಳೆ ಎಳೆದುಕೊಡುತ್ತ ಹೇಳಿದ: "ಮನೆ ಯಾರ ಹೆಸರಲ್ಲಿದೆಯೋ ಅವರ ಸಹೀನೇ ಬೇಕು. ಬೇರೆಯವರು ಹಾಕಿದ್ರೆ ಕಸದ ಬುಟ್ಟಿಗೆ."

ಯಜಮಾನರು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದರು. ಹೆಸರಿಗಷ್ಟೇ ಅವರು ಯಜಮಾನರು. ಮನೆ ಮಾವ ಮಗಳಿಗೆ ಬರೆದುಕೊಟ್ಟದ್ದು.

ಹೆಂಡತಿ ಕನ್ನಡಕ ಏರಿಸಿ ನೋಟಿಸನ್ನು ಎರಡು ಸಲ ಓದಿದಳು. ಮುಖ ಅರಳಿತು.

"ಎಷ್ಟು ಚೆನ್ನಾಗಿ ಬರ್ದಿದಾರೆ ರೀ! ಪೆನ್ನು ಕೊಡಿ."

ಸಹಿ ಬಿತ್ತು. ಯಜಮಾನರು ಕೈ ಚಾಚಿದರು. ಅವಳು ಪೆನ್ನು ಕೆಳಗಿಡಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ದುಂಡಗೆ ಗಂಡನ ಹೆಸರು ಬರೆದು ಅವರ ಕೈಗೇ ಕೊಟ್ಟಳು. "ಬಾಯಲ್ಲಿ ಹೇಳಿದ್ರೆ ನೀವು ಹಾಲ್ ಖಾಲಿ ಮಾಡಲ್ಲ. ಈಗ ಬರವಣಿಗೇಲೇ ಆಯ್ತು!"

ಸಂಜೆ ಬಾಡಿಗೆದಾರ ಬರುವುದನ್ನೇ ಕಾದು ಯಜಮಾನರು ಮಹಡಿ ಹತ್ತಿದರು. "ಇದನ್ನ ಹೇಗಾದ್ರೂ ಬೀಳ್ಸಪ್ಪಾ!"

ಅವನು ದೀಪದ ಬೆಳಕಿಗೆ ಹಿಡಿದು ಓದಿದ. "ಆಗಲ್ಲ ಯಜಮಾನ್ರೇ. ಒಂದು ತಪ್ಪೂ ಇಲ್ಲ, ನಾನೇ ಹೊಡೆದಿದ್ದಲ್ವಾ?" ಅವರ ಕಣ್ಣು ತುಂಬಿದ್ದು ಕಂಡು ಅವನಿಗೂ ಅಯ್ಯೋ ಅನ್ನಿಸಿತು. ಮಂಚ ಸರಿಸಿ ಗೋಡೆ ಪಕ್ಕ ಜಾಗ ತೋರಿಸಿದ. "ರೇಡಿಯೋಗಳ್ನ ಇಲ್ಲಿ ಇಟ್ಕೊಳ್ಳಿ. ನಿಮ್ಮನ್ನ ನನ್ನ ಬಾಡಿಗೆದಾರ ಮಾಡ್ಕೋತೀನಿ. ಅಮ್ಮಾವ್ರ ಒಪ್ಪಿಗೆ ಪತ್ರ ಒಂದು ಬೇಕು, ಅಷ್ಟೆ. ಈಗ್ಲೇ ಟೈಪ್ ಮಾಡ್ಲಾ?"

ಯಜಮಾನರು ಮೂಗೊರೆಸಿಕೊಂಡು ತಲೆಯಾಡಿಸಿದರು. "ಮಾಡಪ್ಪಾ. ಆದ್ರೆ ಈ ಸಲ ಎಲ್ಲೂ ಖಾಲಿ ಜಾಗ ಬಿಡ್ಬೇಡ."