ಡಿಜಿಟಲ್ ಅವಳಿಯಲ್ಲಿ ಕಾಣದ ಅಕ್ಕನವರನ್ನು ಖಾಲಿ ಜಾಗವೆಂದು ಪರಿಗಣಿಸಿದ ಬಗ್ಗೆ

ಮುಚ್ಚಳ ತಯಾರಿಕಾ ಘಟಕ, ಆಡಳಿತ ಶಾಖೆ
ಸಂಖ್ಯೆ: ಮುತಘ/ಅವಳಿ/ಅಕ್ಕ/17 (ಎರಡನೇ ತಿದ್ದುಪಡಿ)

ಸುತ್ತೋಲೆ

ವಿಷಯ: ಮುಚ್ಚಳ ತಪಾಸಣೆಯ ಅಕ್ಕನವರು ಕಂಪ್ಯೂಟರಿನಲ್ಲಿ ಇಲ್ಲದೆ, ಕಾರ್ಖಾನೆಯಲ್ಲಿ ಮಾತ್ರ ಇರುವ ಕುರಿತು.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಎರಡು ಸುತ್ತೋಲೆಗಳು (ಎರಡನ್ನೂ ಮರೆಯತಕ್ಕದ್ದು).
2) ಟ್ರಾಲಿ ಮಾವ ಎಂದೇ ಕರೆಯಲ್ಪಡುವ ಸಾಗಣೆ ನೌಕರರ ಮೌಖಿಕ ದೂರು, ಊಟದ ಬಿಡುವಿನಲ್ಲಿ, ಬಾಯಲ್ಲಿ ತುತ್ತು ಇದ್ದಾಗ್ಗೆ ನೀಡಿದ್ದು.

ಘಟಕದ ಕೆಲಸವನ್ನು ಚುರುಕುಗೊಳಿಸುವ ಸಲುವಾಗಿ ಇಡೀ ಕಾರ್ಖಾನೆಯ ತದ್ರೂಪನ್ನು ಕಂಪ್ಯೂಟರಿನೊಳಗೆ ನಿರ್ಮಿಸಲಾಗಿದ್ದು, ಅದನ್ನು ಡಿಜಿಟಲ್ ಅವಳಿ ಎಂದು ಕರೆಯಲಾಗುತ್ತದೆ. ಯಾವುದೇ ಬದಲಾವಣೆಯನ್ನು ಮೊದಲು ಅವಳಿಯಲ್ಲಿ ನಡೆಸಿ ನೋಡಿ, ಅಲ್ಲಿ ಸರಿಬಂದರೆ ಇಲ್ಲಿ ಜಾರಿಗೊಳಿಸಲಾಗುತ್ತದೆ. ಈ ಅವಳಿಯನ್ನು ನಿರ್ಮಿಸಲು ಅಳತೆ ತೆಗೆದ ಎರಡು ದಿನ, ಊಟದ ಡಬ್ಬಿಯ ಮುಚ್ಚಳಗಳನ್ನು ಒಂದೊಂದಾಗಿ ತಟ್ಟಿ, ಸದ್ದು ಕೇಳಿ, ಸೀಳು ಬಿಟ್ಟದ್ದನ್ನು ಬೇರ್ಪಡಿಸುವ ಅಕ್ಕನವರು ಮಗಳ ಹೆರಿಗೆಗೆಂದು ರಜೆಯಲ್ಲಿದ್ದರು. ಅವರ ಮೇಜನ್ನು ಬಣ್ಣ ಬಳಿಯಲು ಹೊರಗೆ ಒಯ್ಯಲಾಗಿತ್ತು. ಹೀಗಾಗಿ ಅವಳಿಯಲ್ಲಿ ಅಕ್ಕನೂ ಇಲ್ಲ, ಮೇಜೂ ಇಲ್ಲ, ಬರೀ ನೆಲವಿದೆ. ಸಿಮ್ಯುಲೇಶನ್ ನಡೆಸಿದಾಗ ಟ್ರಾಲಿಯು ಆ ನೆಲದ ಮೇಲೆ ನೇರವಾಗಿ ಸಾಗಿ ಪ್ರತಿ ಸುತ್ತಿಗೆ ಹನ್ನೊಂದು ಸೆಕೆಂಡು ಉಳಿಸಿತು. ಮೇಲಧಿಕಾರಿಗಳು ಚಪ್ಪಾಳೆ ತಟ್ಟಿದರು. ತಟ್ಟಿದ ಚಪ್ಪಾಳೆಯನ್ನು ಹಿಂಪಡೆಯಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಆದ್ದರಿಂದ ಎಲ್ಲ ನೌಕರರ ಗಮನಕ್ಕೆ ಕೆಳಕಂಡ ಅಂಶಗಳನ್ನು ತರಲಾಗಿದೆ.

1. ಅವಳಿಗೂ ಕಾರ್ಖಾನೆಗೂ ವ್ಯತ್ಯಾಸ ಕಂಡುಬಂದಲ್ಲಿ ತಪ್ಪು ಕಾರ್ಖಾನೆಯದೇ ಎಂದು ಭಾವಿಸತಕ್ಕದ್ದು, ಮತ್ತು ಕಾರ್ಖಾನೆಯನ್ನೇ ತಿದ್ದತಕ್ಕದ್ದು.

2. ಅದರಂತೆ ಮೊದಲ ಸುತ್ತೋಲೆಯಲ್ಲಿ ಅಕ್ಕನವರನ್ನು ಕೆಲಸದ ವೇಳೆಯಲ್ಲಿ ಖಾಲಿ ಜಾಗವೆಂದು ಘೋಷಿಸಲಾಗಿತ್ತು. ಖಾಲಿ ಜಾಗವು ಹಾಜರಿ ಹಾಕುವಂತಿಲ್ಲ. ಆದರೆ ತಡವಾಗಿ ಬಂದಲ್ಲಿ ಲಿಖಿತ ವಿವರಣೆ ನೀಡತಕ್ಕದ್ದು. ಟ್ರಾಲಿ ಮಾವನವರಿಗೆ ನೇರವಾಗಿ ಸಾಗಲು ಸೂಚಿಸಲಾಗಿತ್ತು. ಮೊದಲ ದಿನವೇ ಟ್ರಾಲಿಯು ಮೇಜಿಗೆ ಗುದ್ದಿ ಮುನ್ನೂರು ಮುಚ್ಚಳಗಳು ನೆಲಕ್ಕುರುಳಿದವು. ಈ ಬಗ್ಗೆ ಮಾವನವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಖಾಲಿ ಜಾಗ ಅಂದ್ರಿ ಸಾರ್, ತಳ್ಳಿದೆ. ಖಾಲಿ ಜಾಗ ಬಂದು ನನ್ನ ಕಿವಿ ಹಿಂಡ್ತು."

3. ಎರಡನೇ ಸುತ್ತೋಲೆಯ ಪ್ರಕಾರ ಟ್ರಾಲಿಯು ಮೇಜನ್ನು ಸುತ್ತಿ ಹೋಗಬಹುದೆಂದೂ, ಆದರೆ ತಿರುಗುವಾಗ ಮಾವನವರು ನೇರವಾಗಿ ಹೋಗುತ್ತಿರುವ ಮುಖಭಾವವನ್ನು ಧರಿಸತಕ್ಕದ್ದೆಂದೂ ತಿಳಿಸಲಾಯಿತು. ಹನ್ನೊಂದು ಸೆಕೆಂಡು ಉಳಿಸಲೇಬೇಕಾದ್ದರಿಂದ ಮಿಕ್ಕ ದಾರಿಯಲ್ಲಿ ಓಡತಕ್ಕದ್ದು. ಅವಳಿಯಲ್ಲಿ ಓಟವಿಲ್ಲದ ಕಾರಣ ಅದನ್ನು "ಅವಸರದ ನಡಿಗೆ" ಎಂದು ನಮೂದಿಸತಕ್ಕದ್ದು.

4. ಅವಳಿಯನ್ನು ಅಣ್ಣ ಎನ್ನಬೇಕೋ ತಮ್ಮ ಎನ್ನಬೇಕೋ ಎಂಬ ಬಗ್ಗೆ ನೌಕರರಲ್ಲಿ ಗೊಂದಲವಿರುವುದು ಗಮನಕ್ಕೆ ಬಂದಿದೆ. ಕಾರ್ಖಾನೆ ಹುಟ್ಟಿ ಮೂವತ್ತೊಂದು ವರ್ಷ, ಅವಳಿ ಹುಟ್ಟಿ ಮೂರು ತಿಂಗಳು. ಆದಾಗ್ಯೂ ಬುದ್ಧಿ ಹೇಳುವುದು ಅವಳಿಯಾದ್ದರಿಂದ ಅಣ್ಣ ಎಂದೇ ಸಂಬೋಧಿಸತಕ್ಕದ್ದು. ಕೈತೊಳೆಯುವ ಜಾಗದ ಗೋಡೆಯ ಮೇಲೆ "ಅಣ್ಣನಿಗಿನ್ನೂ ಹಾಲುಹಲ್ಲು" ಎಂದು ಬರೆದವರು ಮೂರು ದಿನದೊಳಗೆ ತಾವಾಗಿಯೇ ಸಿಕ್ಕಿಬೀಳತಕ್ಕದ್ದು.

5. ಖಾಲಿ ಜಾಗವು ಸದ್ದು ಮಾಡುವುದು ಅಸಂಬದ್ಧವಾದ್ದರಿಂದ ಅಕ್ಕನವರು ಮುಚ್ಚಳ ತಟ್ಟುವುದನ್ನು ನಿಲ್ಲಿಸಲಾಯಿತು, ಮತ್ತು ಅವರನ್ನು ಗೋದಾಮಿಗೆ ವರ್ಗಾಯಿಸುವ ಆದೇಶವನ್ನು ಸಹಿಗೆ ಇಡಲಾಯಿತು. ಒಂಬತ್ತು ದಿನ ಅವರು ಕೈಕಟ್ಟಿ ನಿಂತಿದ್ದರು. ಮುಚ್ಚಳಗಳು ಎದುರಿಗೆ ಹಾದುಹೋಗುವಾಗ ಅವರ ಬೆರಳುಗಳು ತಾವಾಗಿಯೇ ಆಡುತ್ತಿದ್ದವೆಂದೂ, ಐದನೇ ದಿನ ಖಾಲಿ ಜಾಗವು ಸೆರಗಿನಿಂದ ಕಣ್ಣೊರೆಸಿಕೊಂಡಿತೆಂದೂ ವರದಿಯಾಗಿದೆ. "ಹತ್ತೊಂಬತ್ತು ವರ್ಷ ಇದ್ದೆ. ಒಂದಿನ ರಜೆ ಹಾಕಿದ್ದಕ್ಕೆ ಇಲ್ವೇ ಇಲ್ಲ ಅಂದ್ಬಿಟ್ರಲ್ಲ" ಎಂದು ಅವರು ಮಾವನವರಲ್ಲಿ ಹೇಳಿಕೊಂಡಿರುತ್ತಾರೆ. ರಜೆ ಎರಡು ದಿನದ್ದೆಂಬುದನ್ನು ಇಲ್ಲಿ ಸ್ಪಷ್ಟಪಡಿಸಲಾಗಿದೆ.

6. ಈ ಅವಧಿಯಲ್ಲಿ ಅವಳಿಯಲ್ಲಿ ಒಂದೂ ಮುಚ್ಚಳ ಸೀಳಲಿಲ್ಲ. ಕಾರ್ಖಾನೆಯಿಂದ ಮಾತ್ರ ನಾನೂರ ಹನ್ನೆರಡು ಸೀಳು ಮುಚ್ಚಳಗಳು ಹೊರಬಿದ್ದವು. ಸಾರು ಸೋರಿ ಗಿರಾಕಿಗಳ ಚೀಲ, ಛತ್ರಿ, ಒಬ್ಬರ ಮದುವೆಯ ಕೋಟು ಹಾಳಾದ ಬಗ್ಗೆ ಪತ್ರಗಳು ಬಂದವು. ಪತ್ರಗಳನ್ನು ಅವಳಿಯಲ್ಲಿ ಹುಡುಕಲಾಗಿ ಸಿಗದ ಕಾರಣ ಅವುಗಳನ್ನು ಕಡೆಗಣಿಸಲಾಯಿತು. ಹತ್ತನೇ ದಿನ ಮೇಲಧಿಕಾರಿಗಳ ಸ್ವಂತ ಡಬ್ಬಿಯೇ ಸೋರಿ, ಅವಳಿಯ ಯಶಸ್ಸಿನ ವರದಿಯೂ ಅಕ್ಕನವರ ವರ್ಗಾವಣೆಯ ಆದೇಶವೂ ಒಟ್ಟಿಗೆ ನೆನೆದು ಬಿಡಿಸಲಾಗದಂತೆ ಅಂಟಿಕೊಂಡವು. ಅಂಟಿದ ಕಡತಕ್ಕೆ ಸಹಿ ಹಾಕುವಂತಿಲ್ಲ.

7. ಆದ್ದರಿಂದ ಅಕ್ಕನವರನ್ನು ಅವಳಿಯೊಳಗೆ ಸೇರಿಸಲು ತೀರ್ಮಾನಿಸಲಾಯಿತು. ಮಾದರಿ ರೂಪಿಸುವ ಎಂಜಿನಿಯರರ ಬಳಿ ಇದ್ದ ಮನುಷ್ಯಾಕೃತಿ ಒಂದೇ. ಅದಕ್ಕೆ ದಪ್ಪ ಮೀಸೆಯಿತ್ತು. ಕಂಡಿಕೆ 1ರಂತೆ ಅಕ್ಕನವರೇ ಮೀಸೆ ಬಿಡಬೇಕಾಗಿದ್ದು, ಆರು ತಿಂಗಳ ಕಾಲಾವಕಾಶ ನೀಡಲಾಯಿತು. ಅವರ ಉತ್ತರ: "ನಮ್ಮನೆಯವರಿಗೇ ಇನ್ನೂ ಸರಿಯಾಗಿ ಬಂದಿಲ್ಲ, ನಾನೆಲ್ಲಿಂದ ತರ್ಲಿ?" ಉತ್ತರವು ಸಮಂಜಸವೆಂದು ಕಂಡುಬಂದು, ಎಂಜಿನಿಯರರು ಎರಡು ದಿನ ಕುಳಿತು ಮೀಸೆ ಅಳಿಸಿ ಜಡೆ ಹೆಣೆದರು. ಅಕ್ಕನವರಿಗೆ ತಟ್ಟಲು ಮರು ಅನುಮತಿ ನೀಡಲಾಯಿತು.

8. ತಮ್ಮ ತದ್ರೂಪನ್ನು ಪರದೆಯ ಮೇಲೆ ಬಹಳ ಹೊತ್ತು ನೋಡಿದ ಅಕ್ಕನವರು ಎಂಜಿನಿಯರರಿಗೆ, "ಪಾಪ, ಬೆಳಗ್ಗೆಯಿಂದ ನಿಂತೇ ಇದಾಳಲ್ಲಪ್ಪ. ಕಾಲು ನೋಯಲ್ವಾ ಅವಳಿಗೆ? ಒಂದು ಸ್ಟೂಲ್ ಹಾಕ್ಕೊಡು" ಎಂದರು. ಎಂಜಿನಿಯರರು "ಅದಕ್ಕೇನಕ್ಕ, ಒಂದು ನಿಮಿಷದ ಕೆಲಸ" ಎಂದು ಹಾಕಿಕೊಟ್ಟರು. ಕುಳಿತ ತದ್ರೂಪು ಗಂಟೆಗೆ ನಲವತ್ತು ಮುಚ್ಚಳ ಹೆಚ್ಚಾಗಿ ತಟ್ಟಿತು. ಮೇಲಧಿಕಾರಿಗಳು ಮತ್ತೆ ಚಪ್ಪಾಳೆ ತಟ್ಟಿದರು. ಅಕ್ಕನವರು ಸ್ಟೂಲು ಕೋರಿ ಈವರೆಗೆ ಸಲ್ಲಿಸಿದ ಆರು ಅರ್ಜಿಗಳು "ಇದು ನಿಂತು ಮಾಡುವ ಕೆಲಸ" ಎಂಬ ಷರಾದೊಂದಿಗೆ ತಿರಸ್ಕೃತವಾಗಿರುತ್ತವೆ. ಆದಾಗ್ಯೂ ಕಂಡಿಕೆ 1 ಅಡ್ಡಬಂದಿದ್ದರಿಂದ ಈ ಮೂಲಕ ಅವರಿಗೆ ಸ್ಟೂಲು ಒಂದನ್ನು ಮಂಜೂರು ಮಾಡಲಾಗಿದೆ.

9. ಇದಾದ ಮಾರನೆಯ ದಿನದಿಂದ ಎಂಜಿನಿಯರರ ಕೋಣೆಯೆದುರು ನೌಕರರು ಸಾಲುಗಟ್ಟಿ, ಪರದೆಯೊಳಗಿನವರ ಸೆಕೆ, ಮಂಡಿನೋವು ಇತ್ಯಾದಿಗಳ ಬಗ್ಗೆ ಕಳಕಳಿಯಿಂದ ವಿಚಾರಿಸುತ್ತಿರುವುದು ಕಂಡುಬಂದಿದೆ. ಟ್ರಾಲಿ ಮಾವನವರು ತಮ್ಮ ತದ್ರೂಪಿಗೆ ಮೋಟಾರು ಇರುವ ಟ್ರಾಲಿ ಕೇಳಿರುತ್ತಾರೆ. ಇನ್ನು ಮುಂದೆ ಯಾವುದೇ ನೌಕರರು ತಮ್ಮ ತದ್ರೂಪಿನ ಬಗ್ಗೆ ಕನಿಕರ ತೋರುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.

ಸಹಿ/-
ಆಡಳಿತಾಧಿಕಾರಿ
(ಇವರ ತದ್ರೂಪು ರಜೆಯಲ್ಲಿರುವುದರಿಂದ ಇವರೂ ರಜೆಯಲ್ಲಿರುತ್ತಾರೆ)

ಪ್ರತಿ:
1. ಮೇಲಧಿಕಾರಿಗಳಿಗೆ, ಕೈ ಒರೆಸಿಕೊಂಡ ನಂತರ ಓದಲು.
2. ಎಂಜಿನಿಯರರಿಗೆ, ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸೂಚನೆಯೊಂದಿಗೆ.
3. ಟ್ರಾಲಿ ಮಾವನವರಿಗೆ, ಅವಸರದ ನಡಿಗೆಯಲ್ಲಿ.
4. ಗೋಡೆಯ ಮೇಲೆ ಬರೆದವರಿಗೆ, ಅದೇ ಗೋಡೆಯ ಮೇಲೆ.
5. ಅಕ್ಕನವರಿಗೆ, ಕುಳಿತುಕೊಂಡು ಓದಲು.